ಮನೆಮಂದಿ ಬಿಸಿ

ಬಣ್ಣದಕ್ಕನ ಮನೆಯಲ್ಲಿ ಬಿಸಿಯನ್ನು ಅಳೆಯುತ್ತಿದ್ದದ್ದು ನೆಂಟಸ್ತಿಕೆಯಿಂದ. ಕೇಳಿದವರು ನಗುತ್ತಿದ್ದರು, ನಗಲಿ ಬಿಡಿ. ಆ ಅಳತೆ ತಪ್ಪಿದ್ದನ್ನು ಮಾತ್ರ ಬಹಳ ಕಾಲ ಯಾರೂ ಕಂಡಿರಲಿಲ್ಲ.

ಅದು ನೂಲಿಗೆ ಬಣ್ಣ ಹಾಕುವ ಮನೆ. ಬೀದಿ ಮುಗಿಯುವ ಕಡೆ, ಮುಂದೆ ವಾಸದ ಕೋಣೆಗಳು, ಹಿಂದೆ ತಗಡಿನ ಮಾಡಿನ ಉದ್ದನೆಯ ಕೊಟ್ಟಿಗೆ. ಕೊಟ್ಟಿಗೆಯಲ್ಲಿ ಸಾಲಾಗಿ ಒಲೆಗಳು, ಒಲೆಗಳ ಮೇಲೆ ಮಸಿ ಹಿಡಿದ ತಾಮ್ರದ ಹಂಡೆಗಳು, ಅದರಾಚೆ ನೂಲಿನ ಲಡಿಗಳನ್ನು ಒಣಹಾಕುವ ಗಳಗಳು. ಅಲ್ಲಿಯ ನೆಲ ಮೊದಲು ಯಾವ ಬಣ್ಣದ್ದಿತ್ತೋ ಯಾರಿಗೂ ಗೊತ್ತಿಲ್ಲ. ಎಲ್ಲ ಬಣ್ಣವೂ ಚೆಲ್ಲಿ ಚೆಲ್ಲಿ ಕೊನೆಗೆ ಮಳೆಮೋಡದ ಬಣ್ಣಕ್ಕೆ ಬಂದು ನಿಂತಿತ್ತು. ಬಣ್ಣದಕ್ಕ ಆ ಮನೆಯ ಹಿರಿಯ ಸೊಸೆ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಬೀದಿಯವರ ಬಾಯಲ್ಲಿ ಅದು ಎಂದೋ ಸವೆದು ಹೋಗಿತ್ತು.

ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಅವಳನ್ನು ಹಂಡೆಯ ಮುಂದೆ ನಿಲ್ಲಿಸಿ ಕೆಲಸ ಕಲಿಸಿದಳು. ನೀರಿಗೆ ಬೆರಳು ಅದ್ದಬೇಕು. ಅದ್ದಿದವಳೇ ಮನೆಯವರನ್ನು ಒಬ್ಬೊಬ್ಬರನ್ನಾಗಿ ಹೇಳುತ್ತ ಹೋಗಬೇಕು, ಅವಸರವಿಲ್ಲದೆ, ಪ್ರತಿಯೊಬ್ಬರನ್ನೂ ಕೂರಿಸಿ ಮಾತಾಡಿಸಿದ ಹಾಗೆ. ಮಾವ, ಅತ್ತೆ, ಮೈದುನ, ನಾದಿನಿ. ಯಾರ ಹತ್ತಿರ ಬಂದಾಗ ಕೈ ತಾನಾಗಿ ಹೊರಗೆ ಬರುತ್ತದೋ ಅದು ಅವರ ಬಿಸಿ. ಬಾಯಲ್ಲಿ 'ಮಾ' ಅನ್ನುವಷ್ಟರಲ್ಲಿ ಬೆರಳು ಹಾರಿ ಹೊರಗೆ ಬಂತೋ, ಅದು ಮಾವನ ಬಿಸಿ, ಹಸಿ ನೂಲನ್ನು ಬೇಯಿಸಿ ಜಿಡ್ಡು ತೆಗೆಯುವುದಕ್ಕೆ. ಅತ್ತೆಯ ತನಕ ತಡೆದುಕೊಂಡರೆ ಕಪ್ಪಿಗೆ. ಮೈದುನನ ಬಿಸಿ ಕೆಂಪಿಗೆ, ನಾದಿನಿಯ ಬಿಸಿ ಹಳದಿಗೆ. ಎಲ್ಲರನ್ನೂ ಹೇಳಿ ಮುಗಿಸಿ, ಮತ್ತೆ ಮೊದಲಿಂದ ಹೇಳಿದರೂ ಕೈಗೆ ಹೊರಗೆ ಬರುವ ಮನಸ್ಸಾಗದಿದ್ದರೆ ಅದು ಮನೆಮಂದಿ ಬಿಸಿ. ಅದರಲ್ಲಿ ಬಣ್ಣ ಹಿಡಿಯುವುದಿಲ್ಲ, ಸ್ನಾನ ಮಾಡಬಹುದು ಅಷ್ಟೆ.

ಹೊಸ ಸೊಸೆ ಎರಡು ದಿನ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಅತ್ತೆ, ಇದರಲ್ಲಿ ಇವರು ಯಾಕಿಲ್ಲ?"

"ಯಾರು, ನಿನ್ನ ಗಂಡನಾ?" ಅತ್ತೆ ಕೋಲಿನಿಂದ ಲಡಿ ತಿರುವುತ್ತಲೇ ಹೇಳಿದಳು. "ಅವನ ಹತ್ರ ಬಂದ್ರೆ ನೀನು ಅಲ್ಲೇ ನಿಂತುಬಿಡ್ತೀಯ. ನನ್ನ ನೂಲು ಬೆಂದು ಹೋಗುತ್ತೆ."

ನೀಲಿಗೆ ಬೇಕಾದ ಬಿಸಿ ನಾದಿನಿಗಿಂತ ತುಸು ತಣ್ಣಗೆ. ಅದಕ್ಕೆ ಹೇಳುವ ನೆಂಟರೇ ಇರಲಿಲ್ಲ. ನಾದಿನಿ ಆದಮೇಲೆ ಒಂದು ಉಸಿರು ಅಂತ ಅತ್ತೆ ಅಂದಾಜಿನಲ್ಲಿ ನಡೆಸುತ್ತಿದ್ದಳು, ಅಂದಾಜು ಒಮ್ಮೊಮ್ಮೆ ಕೈಕೊಡುತ್ತಿತ್ತು. ಆಮೇಲೆ ಮೈದುನನಿಗೆ ಮದುವೆಯಾಗಿ ಚಿಕ್ಕವಳು ಮನೆಗೆ ಬಂದಳು. ಬಂದ ಹುಡುಗಿ ಇನ್ನೂ ಚೀಲ ಕೆಳಗಿಟ್ಟಿರಲಿಲ್ಲ, ಅತ್ತೆ ಒಳಗಿನಿಂದ ಕೂಗಿ ಹೇಳಿದಳು: "ಸದ್ಯ, ನೀಲಿಗೆ ಒಬ್ಬಳು ಸಿಕ್ಕಳು." ಆ ಹುಡುಗಿ ಅರ್ಥವಾಗದೆ ತನ್ನ ಬಟ್ಟೆಯ ಬಣ್ಣ ನೋಡಿಕೊಂಡಳು. ಅಂದಿನಿಂದ ಸಾಲಿಗೆ ಓರಗಿತ್ತಿ ಸೇರಿದಳು. ಅಲ್ಲಿಂದಾಚೆ ಆ ಮನೆಯ ನೀಲಿ ಒಮ್ಮೆಯೂ ಮಾಸಲಾಗಿ ಬರಲಿಲ್ಲ.

ಕಾಲ ನಿಲ್ಲುತ್ತದೆಯೇ. ಮಾವ ಹೋದರು, ಅತ್ತೆ ಹೋದಳು, ನಾದಿನಿ ತನ್ನ ಸಂಸಾರ ಕಟ್ಟಿಕೊಂಡು ದೂರದ ಊರಿನವಳಾದಳು. ಒಂದು ವರ್ಷ ಬಣ್ಣದಕ್ಕನ ಗಂಡ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಮಕ್ಕಳಿರಲಿಲ್ಲ. ಸಂಕಟದ ದಿನಗಳು ಕಳೆದು ಮತ್ತೆ ಹಂಡೆಯ ಮುಂದೆ ನಿಂತಾಗ, ಗಂಡನಿಲ್ಲದ ಆ ಸಾಲು ಅವಳಿಗೆ ದೊಡ್ಡ ಆಸರೆಯಾಯಿತು, ಎಲ್ಲಿಯೂ ಧ್ವನಿ ಒಡೆಯದೆ ಹೇಳಿ ಮುಗಿಸಬಹುದಿತ್ತು. ಬರಬರುತ್ತ ಅದೇ ಕೊರಗಾಯಿತು. ದಿನವೆಲ್ಲ ಮನೆಯವರನ್ನು ಹೇಳುತ್ತಾಳೆ, ಅವನೊಬ್ಬನಿಗೆ ಅಲ್ಲಿ ಜಾಗವಿಲ್ಲ. ಇದನ್ನು ಅವಳು ಯಾರ ಹತ್ತಿರವೂ ಆಡಲಿಲ್ಲ. ಆಡುವ ಮಾತೂ ಅಲ್ಲ ಅದು.

ಮನೆಯಲ್ಲಿ ಉಳಿದವರು ಮೂವರು. ಬಣ್ಣದಕ್ಕ ಹಂಡೆ ನೋಡುವಳು. ಚಿಕ್ಕವಳು ಒಲೆಗೆ ಕಟ್ಟಿಗೆ ಹಾಕಿ, ಲಡಿ ಹಿಂಡಿ, ಒಣಗಿಸುವಳು. ಮೈದುನ ಒಣಗಿದ್ದನ್ನು ತನ್ನ ಸಣ್ಣ ವ್ಯಾನಿನಲ್ಲಿ ನೇಕಾರರ ಮನೆಗಳಿಗೆ ಮುಟ್ಟಿಸುವನು. ನೇಕಾರರು ಲಡಿ ಕೈಗೆ ತಗೊಂಡು ಕೇಳುತ್ತಿದ್ದದ್ದು ಒಂದೇ, "ಅಕ್ಕ ಕೈ ಹಾಕಿದ್ದೇ ತಾನೆ?" ಹೌದು ಅಂದರೆ ಮುಗಿಯಿತು, ಬಿಚ್ಚಿ ನೋಡುವವರೂ ಇಲ್ಲ. ಮಕ್ಕಳಿಲ್ಲದ, ಗಂಡನಿಲ್ಲದ ಹೆಂಗಸು ಆ ಮನೆಯಲ್ಲಿ ತಲೆ ಎತ್ತಿಕೊಂಡು ಇದ್ದದ್ದು ಆ ಕೈಯಿಂದ. ಹಾಗಂತ ಯಾರೂ ಹೇಳಲಿಲ್ಲ, ಅವಳು ತಾನೇ ಅಂದುಕೊಂಡಿದ್ದಳು.

ಆ ಕೈ ಸತ್ತದ್ದು ಯಾವಾಗ ಎಂದು ಅವಳಿಗೂ ಗೊತ್ತಿಲ್ಲ. ಮೊದಲು ಸೂಜಿ ಹಿಡಿದದ್ದು ತಿಳಿಯದೆ ಜಾರುತ್ತಿತ್ತು. ಆಮೇಲೆ ಸಂಜೆ ದೀಪದ ಬೆಳಕಿನಲ್ಲಿ ಬೆರಳ ತುದಿಯಲ್ಲಿ ಬೊಕ್ಕೆ ಕಾಣುವುದು, ಯಾವಾಗ ಸುಟ್ಟಿತು ಎಂಬುದು ನೆನಪಿಗೆ ಬಾರದು. ಒಂದು ದಿನ ಕೆಂಪಿನ ಹಂಡೆಗೆ ಬೆರಳು ಅದ್ದಿ ಮಾವ, ಅತ್ತೆ, ಮೈದುನ ಎಂದವಳು ನಾದಿನಿಗೆ ಬಂದಳು, ಓರಗಿತ್ತಿಗೆ ಬಂದಳು, ಕೈ ಹೊರಗೆ ಬರಲೇ ಇಲ್ಲ. ನೀರು ಗುಳುಗುಳು ಎನ್ನುತ್ತಿತ್ತು. ಆಗ ಗೊತ್ತಾಯಿತು. ಗಾಬರಿಯಿಂದ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಯಾರಾದರೂ ನೋಡಿದರೇ ಎಂದು ಹಿಂತಿರುಗಿ ನೋಡಿದಳು. ಯಾರೂ ನೋಡಿರಲಿಲ್ಲ. ಅಲ್ಲಿಂದ ಮುಂದೆ ಬೆರಳು ಅದ್ದುವುದು, ಬಾಯಲ್ಲಿ ಹೇಳುವುದು ಬರೀ ತೋರಿಕೆಗೆ. ನಿಜವಾಗಿ ಅವಳು ನೋಡುತ್ತಿದ್ದದ್ದು ಹಬೆಯನ್ನು, ಕೇಳುತ್ತಿದ್ದದ್ದು ಹಂಡೆಯ ಗುಂಯ್‌ಗುಡುವಿಕೆಯನ್ನು.

ಮೈದುನ ಹಿಂದೊಮ್ಮೆ ಬಿಸಿ ಅಳೆಯುವ ಗಾಜಿನ ಕಡ್ಡಿಯೊಂದನ್ನು ತಂದುಕೊಟ್ಟಿದ್ದ. "ಅತ್ತಿಗೆ, ನಮ್ಮಪ್ಪನನ್ನು ಎಷ್ಟು ಸಲ ಅಂತ ಕುದಿಸ್ತೀರಿ, ಇದನ್ನ ಇಟ್ಕೊಳ್ಳಿ," ಅಂದಿದ್ದ. ಬಣ್ಣದಕ್ಕ ನಕ್ಕು ಅದನ್ನು ಮೊಳೆಗೆ ತೂಗುಹಾಕಿದ್ದಳು. ಈಗ ಯಾರೂ ಇಲ್ಲದಾಗ ಅದನ್ನು ಕದ್ದು ನೀರಿಗೆ ಇಳಿಸತೊಡಗಿದಳು. ಆದರೆ ಮರಗಟ್ಟಿದ ಬೆರಳಿಗೆ ಅಷ್ಟು ನಯವಾದ ಗಾಜು ನಿಲ್ಲುತ್ತದೆಯೇ. ಒಂದು ಮಧ್ಯಾಹ್ನ ಜಾರಿ ಕಲ್ಲಿನ ಮೇಲೆ ಬಿದ್ದು ಚೂರಾಯಿತು. ಏನು ಸದ್ದು ಎಂದು ಚಿಕ್ಕವಳು ಓಡಿ ಬಂದಳು.

"ಬೆಕ್ಕು ಕಣೇ," ಎಂದಳು ಬಣ್ಣದಕ್ಕ. "ಮೇಲಿಂದ ಹಾರಿ ಬೀಳಿಸಿತು."

ಆಮೇಲಿನದೇ ಆ ಕೆಂಪಿನ ಕಥೆ. ಮದುವೆ ಬಟ್ಟೆಗೆಂದು ನೇಕಾರರೊಬ್ಬರು ಹೇಳಿ ಮಾಡಿಸಿದ್ದ ನೂಲು. ಗಾಳಿ ಜೋರಾಗಿದ್ದ ದಿನ, ಹಬೆ ನಿಲ್ಲದೆ ಚದುರುತ್ತಿತ್ತು. ಬಣ್ಣದಕ್ಕ ಹದ ಎಂದಳು, ಲಡಿಗಳನ್ನು ಇಳಿಸಿದರು. ಹೊರಗೆ ತೆಗೆದಾಗ ಅದು ಕೆಂಪಾಗಿರಲಿಲ್ಲ, ಹಳೆಯ ಇಟ್ಟಿಗೆಯ ಹಾಗಿತ್ತು. ಚಿಕ್ಕವಳು ಬಾಯಿ ಮುಚ್ಚಿಕೊಂಡು ಕೂತುಬಿಟ್ಟಳು. "ನಾನೇ ಅಕ್ಕ. ಕಟ್ಟಿಗೆ ಜಾಸ್ತಿ ತುಂಬಿಬಿಟ್ಟೆ. ನೀವು ಹದ ಅಂದ್ಮೇಲೂ ಉರಿ ಏರಿದೆ," ಎಂದು ಅತ್ತಳು. ಬಣ್ಣದಕ್ಕ ಪಕ್ಕದಲ್ಲಿ ಕೂತು ಬೆನ್ನು ಸವರಿದಳು. "ಹೋಗ್ಲಿ ಬಿಡು," ಎಂದಳು. ಅಷ್ಟೇ ಎಂದಳು.

ಚಳಿಗಾಲ ಬಂತು. ಚಳಿಗಾಲದಲ್ಲಿ ಬಿಸಿಲಿಗೆ ಬಲವಿಲ್ಲ, ಗಳದ ಮೇಲಿನ ಲಡಿ ಒಣಗದೆ ಹುಳಿವಾಸನೆ ಹಿಡಿಯುತ್ತದೆ, ಅದಕ್ಕೆ ಕೆಲವು ದಿನ ಒಲೆ ಆರಿಸುವುದು ವಾಡಿಕೆ. ಆ ಸಲ ಚಿಕ್ಕವಳ ಮಂಡಿ ಕೂತರೆ ಏಳಲು ಬಿಡದು, ಎದ್ದರೆ ಕೂರಲು ಬಿಡದು. ಒದ್ದೆ ನೆಲದಲ್ಲಿ ನಿಂತು ನಿಂತು ಬಂದದ್ದು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಬೆಟ್ಟದ ಬುಡದಲ್ಲಿ ಬಿಸಿನೀರಿನ ಬುಗ್ಗೆಗಳಿವೆಯಲ್ಲ, ಹೋಗಿ ನಾಲ್ಕು ದಿನ ಹಾಯಾಗಿ ಕೂತು ಬನ್ನಿ ಎಂದರು. ಅಂಥ ವಿಹಾರವನ್ನು ಆ ಮನೆಯ ಹೆಂಗಸರು ಜನ್ಮದಲ್ಲಿ ಮಾಡಿದವರಲ್ಲ. ಚಿಕ್ಕವಳು ಒಲ್ಲೆ ಎಂದಳು. ಬಣ್ಣದಕ್ಕನೇ ಹಟ ಹಿಡಿದು ಹೊರಡಿಸಿದಳು, "ನಾನೂ ಬರ್ತೀನಿ, ನಡಿ" ಎಂದಳು.

ಮೈದುನ ಬಸ್ಸು ಹತ್ತಿಸುವಾಗ ಕಿಟಕಿಯಲ್ಲಿ ತಲೆ ಹಾಕಿ, "ನೂಲು ಬೇಯಿಸಿದ್ದು ಸಾಕು ಅತ್ತಿಗೆ, ಈ ಸಲ ನೀವಿಬ್ಬರೇ ಹೋಗಿ ಬೆಂದು ಬನ್ನಿ," ಎಂದ.

"ನಾವಿಲ್ಲ ಅಂತ ಹಂಡೆಯಲ್ಲಿ ಬಟ್ಟೆ ಒಗೆದೀಯ, ಜೋಕೆ," ಎಂದಳು ಬಣ್ಣದಕ್ಕ.

ಅವಳು ಹೊರಟದ್ದು ಓರಗಿತ್ತಿಯ ಮಂಡಿಗಾಗಿ ಎಂದು ಎಲ್ಲರೂ ತಿಳಿದರು. ಸುಳ್ಳಲ್ಲ. ಆದರೆ ನೂಲು ಕೊಳ್ಳಲು ಬಂದ ಹೆಂಗಸೊಬ್ಬಳು ಹಿಂದೆ ಹೇಳಿದ್ದ ಮಾತು ಅವಳ ಕಿವಿಯಲ್ಲಿ ಕೂತಿತ್ತು. ಆ ನೀರಿನಲ್ಲಿ ಅದೇನೋ ಇದೆಯಂತೆ, ಜೋಮು ಹಿಡಿದ ಕಾಲಿಗೂ ಜೀವ ಬರುತ್ತದಂತೆ. ಹಾಗಿದ್ದರೆ ಕೈಗೆ ಬರಬಾರದೇಕೆ. ಬಂದುಬಿಟ್ಟರೆ ಯಾರಿಗೂ ಏನೂ ಹೇಳಬೇಕಾಗಿಲ್ಲ, ಬೆಕ್ಕಿನ ಸುಳ್ಳೂ ಇಟ್ಟಿಗೆ ಬಣ್ಣದ ನೂಲೂ ತಮ್ಮಷ್ಟಕ್ಕೆ ಹಳೆಯವಾಗಿ ಹೋಗುತ್ತವೆ. ಇದೇ ಆಸೆಯನ್ನು ಸೆರಗಿನ ಗಂಟಿನ ಹಾಗೆ ಕಟ್ಟಿಕೊಂಡು ಅವಳು ಬಸ್ಸಿನಲ್ಲಿ ಕೂತಿದ್ದಳು.

ತಲುಪಿದಾಗ ಇಳಿಹೊತ್ತು. ಬುಗ್ಗೆಗಳ ಪಕ್ಕದಲ್ಲೇ ತಂಗುವ ಕೋಣೆಗಳ ಸಾಲು, ಕಲ್ಲಿನ ಗೋಡೆ, ಎರಡು ಕಿರಿದಾದ ಮಂಚ, ಮೂಗಿಗೆ ಗಂಧಕದ ಘಾಟು. ಹೊರಗೆ ಕಲ್ಲು ಕಟ್ಟಿದ ಮೂರು ಕೊಳ, ಒಂದರಿಂದ ಒಂದಕ್ಕೆ ಇಳಿದು ಹರಿಯುವ ನೀರು, ಎಲ್ಲದರ ಮೇಲೂ ಬಿಳಿ ಹಬೆ. ಕೊಳ ಗುಡಿಸಿ, ಬಂದವರಿಗೆ ಟವೆಲು ಕೊಡುತ್ತಿದ್ದ ಮುದುಕಿಯನ್ನು ಎಲ್ಲರೂ ಕೊಳದಜ್ಜಿ ಎನ್ನುತ್ತಿದ್ದರು. ಬಂದವರಿಗೆಲ್ಲ ಹೇಳಿ ಹೇಳಿ ಪಾಠವಾದದ್ದನ್ನು ಅವಳು ಇವರಿಗೂ ಒಪ್ಪಿಸಿದಳು.

"ಮೇಲಿನ ಕೊಳ ನೋಡೋಕೆ. ನಡುವಿನದು ಕೇಳಿ ಇಳಿಯೋಕೆ. ಕೆಳಗಿನದು ನಿದ್ದೆ ಮಾಡೋಕೆ. ಮಂಡಿ ನೋವಿಗೆ ನಡುವಿನದೇ ಆಗಬೇಕು, ಆದ್ರೆ ಅದು ದಿನಕ್ಕೊಂದು ಥರ. ಹೊಳೆಯ ತಣ್ಣೀರು ಎಷ್ಟು ಬೆರೆಯುತ್ತೋ ಅದರ ಮೇಲೆ. ಕೈ ಹಾಕಿ ನೋಡ್ಕೊಂಡು ಇಳೀರಿ."

"ಅದರ ಚಿಂತೆ ಇಲ್ಲಜ್ಜಿ," ಎಂದಳು ಚಿಕ್ಕವಳು, ಮುಖದ ತುಂಬ ಹೆಮ್ಮೆ. "ಕೈ ಹಾಕಿ ನೋಡೋದೇ ನಮ್ಮಕ್ಕನ ಕೆಲಸ."

ಬೆಳಗ್ಗೆ ಇನ್ನೂ ಯಾರೂ ಬಂದಿರಲಿಲ್ಲ. ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಕಟ್ಟಿತ್ತು. ಬಣ್ಣದಕ್ಕ ಮುಂದೆ ಹೋಗಿ ನಡುವಿನ ಕೊಳದ ಮೆಟ್ಟಿಲಲ್ಲಿ ಕೂತು, ಎರಡೂ ಕೈಯನ್ನು ಮಣಿಕಟ್ಟಿನ ತನಕ ನೀರಿನಲ್ಲಿ ಇಳಿಸಿ, ಕಣ್ಣು ಮುಚ್ಚಿದಳು. ಮಾವ ಎಂದಳು, ಏನೂ ಇಲ್ಲ. ಅತ್ತೆ. ಮೈದುನ. ನಾದಿನಿ. ಆಗ ಎಲ್ಲೋ ದೂರದಲ್ಲಿ, ಗೋಡೆಯಾಚೆ ಯಾರೋ ಮಾತಾಡಿದ ಹಾಗೆ, ಬೆರಳುಗಳಲ್ಲಿ ಸಣ್ಣಗೆ ಬೆಚ್ಚಗಾಯಿತು.

ಅವಳು ಉಸಿರು ಹಿಡಿದಳು. ಹೌದು, ಬೆಚ್ಚಗೆ. ಸುಳ್ಳಲ್ಲ. ಓರಗಿತ್ತಿ ಎಂದಳು, ಬೆಚ್ಚಗೇ ಇತ್ತು. ಮತ್ತೆ ಮೊದಲಿಂದ ಹೇಳಿದಳು, ಆಗಲೂ ಹಿತವಾಗಿ ಬೆಚ್ಚಗೇ ಇತ್ತು. ಮನೆಮಂದಿ ಬಿಸಿ. ಕಣ್ಣಲ್ಲಿ ನೀರು ಬಂತು. ಹಿಂದೆ ಚಿಕ್ಕವಳು ಶಾಲು ಹೊದ್ದು, ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು.

"ಹೇಗಿದೆ ಅಕ್ಕ?"

"ಹದ ಇದೆ ಕಣೇ," ಎಂದಳು ಬಣ್ಣದಕ್ಕ. ಅಷ್ಟು ಸಂತೋಷದಿಂದ ಆ ಮಾತನ್ನು ಅವಳು ಬಹಳ ದಿನದಿಂದ ಹೇಳಿರಲಿಲ್ಲ. "ಹೇಳಿ ಮಾಡಿಸಿದ ಹಾಗಿದೆ. ಇಳಿ."

ಚಿಕ್ಕವಳು ಪಾದ ಇಟ್ಟಳು. ಇಟ್ಟವಳು ಒಂದು ಚಣ ನಿಂತಳು. ಅಕ್ಕನ ಮುಖ ನೋಡಿದಳು, ಅಲ್ಲಿ ನಗು ತುಂಬಿತ್ತು. ಮತ್ತೊಂದು ಮೆಟ್ಟಿಲು ಇಳಿದಳು, ಇನ್ನೊಂದು, ಆಮೇಲೆ ನಿಧಾನಕ್ಕೆ ಕೂತಳು, ಮಂಡಿ ಮುಳುಗುವಷ್ಟು. "ಒಳ್ಳೇ ಕಾವಿದೆ," ಎಂದಳು. ಧ್ವನಿ ಸಣ್ಣದಾಗಿತ್ತು.

"ಕೂತ್ಕೋ, ಕೂತ್ಕೋ. ಮೂಳೆಗೆ ಇಳೀಬೇಕು."

ಬಣ್ಣದಕ್ಕ ತನ್ನ ಲೋಕದಲ್ಲಿದ್ದಳು. ಮನೆಗೆ ಹೋದ ಕೂಡಲೇ ನೀಲಿಯ ಹಂಡೆ ಇಡಬೇಕು, ಆ ನೇಕಾರರಿಗೆ ಕೆಂಪನ್ನು ಮತ್ತೊಮ್ಮೆ ಮಾಡಿಕೊಡಬೇಕು, ಹೀಗೆಲ್ಲ ಮನಸ್ಸು ಓಡುತ್ತಿತ್ತು. ಹಬೆ ಒಂದಿಷ್ಟು ಸರಿದಾಗ ಎದುರಿಗೆ ಕೂತವಳ ಮುಖ ಕಂಡಿತು. ಚಿಕ್ಕವಳು ಕಣ್ಣು ಮುಚ್ಚಿದ್ದಳು. ತುಟಿ ಆಡುತ್ತಿತ್ತು. ಧ್ವನಿಯಿಲ್ಲ, ತುಟಿ ಮಾತ್ರ.

ಆ ತುಟಿಯ ಆಟ ಬಣ್ಣದಕ್ಕನಿಗೆ ತನ್ನ ಉಸಿರಿನಷ್ಟು ಗೊತ್ತು. ತುಟಿ ಕೂಡಿ ಬಿಚ್ಚಿತು, ಮಾವ. ಬಿಚ್ಚಿಕೊಂಡೇ ಇತ್ತು, ಅತ್ತೆ. ಮತ್ತೆ ಕೂಡಿತು. ಮೈದುನ ಎನ್ನಲು ಕೂಡಿದ ತುಟಿ ಬಿಚ್ಚಲೇ ಇಲ್ಲ. ಬಿಗಿಯಾಗಿ, ಬಿಳುಚಿಕೊಂಡು ಹಾಗೇ ಉಳಿಯಿತು. ಕೊರಳಿನ ನರ ಉಬ್ಬಿತು. ಒಂದು ಉಸಿರು ಎಳೆದು ಚಿಕ್ಕವಳು ಮತ್ತೆ ಮೊದಲಿಂದ ಶುರುಮಾಡಿದಳು. ಮಾವ, ಅತ್ತೆ, ಮತ್ತೆ ಅಲ್ಲೇ ತುಟಿ ಕಚ್ಚಿ ನಿಂತಳು.

ಮೈದುನನ ಬಿಸಿ. ಕೆಂಪಿನ ಹಂಡೆಯ ಬಿಸಿ.

ಬಣ್ಣದಕ್ಕ ತನ್ನ ಕೈಯನ್ನು ನೀರಿನಿಂದ ತೆಗೆದು ನೋಡಿದಳು. ಮಣಿಕಟ್ಟಿನಲ್ಲಿ ಗೆರೆ ಎಳೆದ ಹಾಗೆ, ಅದರ ಕೆಳಗೆಲ್ಲ ಕಡುಕೆಂಪು.

"ಏಳು," ಎಂದಳು. "ಎದ್ದು ಬಾ. ಏಳು ಅಂದೆ."

ಮಂಡಿ ಕೈಕೊಡುವ ಹೆಂಗಸನ್ನು ಆ ಜಾರುವ ಮೆಟ್ಟಿಲುಗಳ ಮೇಲೆ ಹೇಗೆ ಎಳೆದು ತಂದಳೋ ಅವಳಿಗೇ ಗೊತ್ತಿಲ್ಲ. ಬಟ್ಟೆ ಬದಲಿಸುವ ಕೋಣೆಯ ಮರದ ಬೆಂಚಿನ ಮೇಲೆ ಕೂರಿಸಿದಾಗ, ಚಿಕ್ಕವಳ ಕಾಲು ಮಂಡಿಯಿಂದ ಪಾದದ ತನಕ ಕೆಂಪೆದ್ದು, ಮೊಣಕಾಲಿನ ಕೆಳಗೆ ಅಲ್ಲಲ್ಲಿ ಬೊಕ್ಕೆ ಏಳುತ್ತಿತ್ತು. ಸದ್ದು ಕೇಳಿ ಬಂದ ಕೊಳದಜ್ಜಿ ಹೊಳೆಯ ತಣ್ಣೀರು ತಂದು ಮೆಲ್ಲಗೆ ಹೊಯ್ದಳು, ಹೊಯ್ಯುತ್ತಲೇ ಇದ್ದಳು. ಆಮೇಲೆ ಹೊರಗೆ ಹೋಗಿ ನೋಡಿ ಬಂದಳು.

"ತಣ್ಣೀರು ಬರೋ ತೂಬಿಗೆ ಎಲೆ ಕಟ್ಕೊಂಡಿದೆ. ಮೇಲಿನ ಬಿಸಿನೀರು ಹಾಗೇ ಇಳಿದಿದೆ. ಅಲ್ರಮ್ಮ, ಕೈ ಹಾಕಿ ನೋಡ್ಲಿಲ್ವಾ?"

"ನೋಡಿದ್ರಜ್ಜಿ," ಎಂದಳು ಚಿಕ್ಕವಳು, ಹಲ್ಲು ಕಚ್ಚಿಕೊಂಡೇ. "ಅಕ್ಕ ನೋಡಿದ್ರು. ಹದ ಇತ್ತು. ನನ್ನ ಚರ್ಮವೇ ಸರಿ ಇಲ್ಲ."

ಬಣ್ಣದಕ್ಕನ ನಾಲಗೆಯ ತುದಿಗೆ ಒಂದು ಮಾತು ಬಂದು ಕೂತಿತು. ನಾನು ನೋಡಿದಾಗ ಸರಿಯಾಗಿತ್ತು, ಆಮೇಲೆ ಏರಿರಬೇಕು. ಎಷ್ಟು ಸುಲಭದ ಮಾತು. ತೂಬಿದೆ, ಎಲೆಯಿದೆ, ಕಂಡ ಸಾಕ್ಷಿ ಅಜ್ಜಿಯಿದ್ದಾಳೆ. ಬೆಕ್ಕಿಗಿಂತ ಎಷ್ಟೋ ನಂಬುವ ಹಾಗಿತ್ತು. ಆದರೂ ಅವಳು ಅದನ್ನು ಆಡದೆ ಚಿಕ್ಕವಳ ಕಾಲಿಗೆ ಮತ್ತೆ ತಣ್ಣೀರು ಹೊಯ್ದಳು. ಕೊಳದಜ್ಜಿ ಸುಟ್ಟದ್ದಕ್ಕೆ ಹಚ್ಚುವ ಮುಲಾಮು ಕೊಟ್ಟು, ಇಬ್ಬರ ಪಕ್ಕದಲ್ಲೂ ಚಹಾದ ಲೋಟ ಇಟ್ಟು, ತೂಬು ಬಿಡಿಸಲು ಹೋದಳು.

ಸ್ಟೀಲಿನ ಲೋಟ, ಒಲೆಯಿಂದ ಆಗ ತಾನೇ ಇಳಿಸಿದ ಚಹಾ. ಚಿಕ್ಕವಳು ಸೆರಗು ಸುತ್ತಿ ಹಿಡಿದಳು. ಬಣ್ಣದಕ್ಕ ಬರಿಗೈಯಲ್ಲಿ, ಎರಡೂ ಅಂಗೈ ಒತ್ತಿ ಹಿಡಿದಳು.

"ಇದು ಬಿಸಿ ಇದೆಯಾ ಚಿಕ್ಕೋಳೆ?"

"ಸುಡ್ತಿದೆಯಲ್ಲ ಅಕ್ಕ. ಕೆಳಗಿಡಿ."

"ನನಗೆ ಗೊತ್ತಾಗ್ತಿಲ್ಲ."

ಚಿಕ್ಕವಳು ನೋಡಿದಳು. ಲೋಟ ನೋಡಿದಳು, ಕೈ ನೋಡಿದಳು, ಮುಖ ನೋಡಿದಳು.

"ಇವತ್ತಿನದಲ್ಲ," ಎಂದಳು ಬಣ್ಣದಕ್ಕ. "ಬಹಳ ದಿನ ಆಯ್ತು. ಹಬೆ ನೋಡಿ ಹೇಳ್ತಿದ್ದೆ. ಇವತ್ತು ಒಂಚೂರು ಬೆಚ್ಚಗೆ ಅನ್ನಿಸ್ತು. ಕೈ ವಾಪಸ್ ಬಂತು ಅಂದ್ಕೊಂಡೆ. ಸುಡೋ ನೀರು ನನ್ನ ಕೈಗೆ ಬೆಚ್ಚಗಿತ್ತು, ಅಷ್ಟೆ."

"ಆ ಕೆಂಪು?"

"ನೀನಲ್ಲ. ನಾನು."

ಚಿಕ್ಕವಳು ಲೋಟವನ್ನು ಬೆಂಚಿನ ಮೇಲೆ ಇಟ್ಟಳು. ಮಾತಾಡಿದಾಗ ಧ್ವನಿ ಏರಲಿಲ್ಲ, ಏರಿದ್ದರೆ ಬಣ್ಣದಕ್ಕನಿಗೆ ಹಗುರಾಗುತ್ತಿತ್ತು.

"ಆ ಕೆಂಪಿಗೆ ನಾನು ಅತ್ತಿದ್ದೆ ಅಕ್ಕ. ನೀವು ನನ್ನ ಬೆನ್ನು ಸವರಿ, ಹೋಗ್ಲಿ ಬಿಡು ಅಂದ್ರಿ. ತಪ್ಪು ಕ್ಷಮಿಸಿದವರ ಥರ."

ಬಣ್ಣದಕ್ಕ ಮುಲಾಮು ತೆಗೆದು ಅವಳ ಕಾಲಿಗೆ ಹಚ್ಚತೊಡಗಿದಳು.

ಇಡೀ ದಿನ ಚಿಕ್ಕವಳು ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಬಣ್ಣದಕ್ಕ ಆಗಾಗ ಒದ್ದೆ ಬಟ್ಟೆ ಬದಲಿಸುತ್ತಿದ್ದಳು. ಕಾಲು ಮುಂದೆ ಬರುತ್ತಿತ್ತು, ಮುಖ ಬರುತ್ತಿರಲಿಲ್ಲ. ಹೊರಗೆ ಬೇರೆ ಜನ ಬಂದರು, ಕೆಳಗಿನ ಕೊಳದಲ್ಲಿ ಕೂತು ನಕ್ಕರು, ಹೋದರು. ಬಣ್ಣದಕ್ಕ ಕಿಟಕಿಯಲ್ಲಿ ಕೂತು ತನ್ನ ಕೈ ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ ನೀಲಿ. ಮನೆಗೆ ಹೋದಮೇಲೆ ಈ ಕೈಗೆ ಏನು ಕೆಲಸ? ಲಡಿ ಎಣಿಸುವುದೇ, ಬಾಗಿಲು ಕಾಯುವುದೇ? ನೇಕಾರರು ಕೇಳುತ್ತಾರೆ, ಅಕ್ಕ ಕೈ ಹಾಕಿದ್ದೇ ತಾನೆ ಎಂದು. ಮೈದುನ ಏನು ಹೇಳಬೇಕು. ಇಷ್ಟು ದಿನ ಮುಚ್ಚಿಟ್ಟದ್ದು ಈ ಹೆದರಿಕೆಯಿಂದಲೇ. ಈಗ ಮುಚ್ಚಿಡುವುದು ಮುಗಿದಿತ್ತು, ಹೆದರಿಕೆ ಮಾತ್ರ ಹಾಗೇ ಕೂತಿತ್ತು.

ದೀಪ ಹಚ್ಚುವ ಹೊತ್ತಿಗೆ ಗೋಡೆಯ ಕಡೆಯಿಂದ ಧ್ವನಿ ಬಂತು.

"ಹಾಗಾದ್ರೆ ಆ ಬೆಕ್ಕು?"

ಬಣ್ಣದಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ತಲೆ ತಗ್ಗಿಸಿದಳು.

"ನಾನೇ ಬೆಕ್ಕು."

ಚಿಕ್ಕವಳ ಬೆನ್ನು ಅಲುಗಿತು. ಅಳುವೋ ನಗುವೋ ತಿಳಿಯದು, ಎರಡೂ ಇದ್ದಿರಬೇಕು. "ಆ ಬೆಕ್ಕು ಮತ್ತೆ ಬರಬಾರದು ಅಂತ ನಾನು ಕಿಟಕಿಗೆ ಜಾಲರಿ ಹೊಡೆಸಿದೆ ಅಕ್ಕ," ಎಂದಳು.

"ಗೊತ್ತು. ಹೊಡೀತಿರೋವಾಗ ಮೊಳೆ ಎತ್ತಿಕೊಟ್ಟವಳು ನಾನೇ."

ಇನ್ನೂ ಸ್ವಲ್ಪ ಹೊತ್ತಾದ ಮೇಲೆ ಚಿಕ್ಕವಳು ಇತ್ತ ತಿರುಗಿದಳು. ಕಣ್ಣು ಊದಿತ್ತು. "ಪಾದ ಇಟ್ಟಾಗಲೇ ಸುಡ್ತು ಅಕ್ಕ. ನಾನೂ ಹೇಳಲಿಲ್ಲ. ನೀವು ಹದ ಅಂದ್ಮೇಲೆ ನನ್ನ ಕಾಲು ಹೇಳಿದ್ದನ್ನ ನಾನು ನಂಬಲಿಲ್ಲ."

"ಇನ್ಮೇಲೆ ನಂಬು," ಎಂದಳು ಬಣ್ಣದಕ್ಕ. "ಊರಿಗೆ ಹೋದ್ಮೇಲೆ ಹಂಡೆ ನಿನ್ನದು. ಕೈ ನಿನ್ನದು, ಮಾತೂ ನಿನ್ನದು. ನೇಕಾರರಿಗೂ ಹಾಗೇ ಹೇಳು."

"ನನಗೆ ಬರಲ್ಲ."

"ನನಗೂ ಬರ್ತಿರಲಿಲ್ಲ."

ಮರುದಿನವೂ ಅದರ ಮರುದಿನವೂ ಅವರು ಅಲ್ಲೇ ಉಳಿದರು. ಕಾಲಿಗೆ ಬಟ್ಟೆ ಸುತ್ತಿದ್ದರಿಂದ ನೀರಿಗಿಳಿಯುವ ಹಾಗಿರಲಿಲ್ಲ. ಮಂಡಿಗೆ ಬೇಕಾದ ಕಾವು ಸಿಗದೆ ಹೋಯಿತು. ಕೊಳದಜ್ಜಿ ದಿನಾ ಬೆಳಗ್ಗೆ ತೂಬು ನೋಡಿ ಬಂದು, ಕೇಳದಿದ್ದರೂ, "ಇವತ್ತು ಎಲೆ ಇಲ್ಲ," ಎಂದು ಹೇಳಿ ಹೋಗುತ್ತಿದ್ದಳು.

ಹೊರಡುವ ದಿನ ಬೆಳಗ್ಗೆ ಇಬ್ಬರೂ ಕೆಳಗಿನ ಕೊಳದ ಅಂಚಿನಲ್ಲಿ ಕೂತರು. ಹಬೆ ನೀರಿನ ಮೇಲೆ ಬಗ್ಗಿಕೊಂಡಿತ್ತು. ಬಣ್ಣದಕ್ಕ ತನ್ನ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಹೇಳಿದಳು, "ಹಾಕು ಕೈ. ಹೇಳು."

ಚಿಕ್ಕವಳು ಮುಂಗೈ ತನಕ ಅದ್ದಿದಳು. ಎಷ್ಟೋ ವರ್ಷ ಪಕ್ಕದಲ್ಲಿ ನಿಂತು ಕೇಳಿದ್ದನ್ನೇ ಶುರುಮಾಡಿದಳು. "ಮಾವ. ಅತ್ತೆ. ಮೈದುನ..."

"ನಿಲ್ಲು. ನಿನಗೆಲ್ಲಿಯ ಮೈದುನ? ಅವನು ನಿನ್ನ ಗಂಡ. ಅವನ ಹತ್ರ ಬಂದ್ರೆ ನೀನು ಅಲ್ಲೇ ನಿಂತುಬಿಡ್ತೀಯ, ನನ್ನ ನೂಲು ಬೆಂದು ಹೋಗುತ್ತೆ. ಅದು ನನ್ನ ಸಾಲು, ಚಿಕ್ಕೋಳೆ. ನೀನು ನಿನ್ನ ಮನೆಮಂದಿಯನ್ನ ಹೇಳು."

ಚಿಕ್ಕವಳು ಒಂದಿಷ್ಟು ಯೋಚಿಸಿದಳು. ನೀರಿನಲ್ಲಿ ಬೆರಳು ಬಿಡಿಸಿದಳು. ಮತ್ತೆ ಮೊದಲಿಂದ, ಒಬ್ಬೊಬ್ಬರನ್ನು ಕೂರಿಸಿ ಮಾತಾಡಿಸಿದ ಹಾಗೆ, ನಿಧಾನವಾಗಿ ಹೇಳಿದಳು.

"ಮಾವ. ಅತ್ತೆ. ಭಾವ."

ಬಣ್ಣದಕ್ಕ ಅಲುಗಾಡಲಿಲ್ಲ. ಕೆಂಪಿನ ಜಾಗದಲ್ಲಿ ಅವನು ಬಂದು ಕೂತಿದ್ದ. ಗಂಡನಾಗಿ ಸಿಗದ ಜಾಗ ಭಾವನಾಗಿ ಸಿಕ್ಕಿತ್ತು. ಇನ್ನು ಮೇಲೆ ಆ ಕೊಟ್ಟಿಗೆಯಲ್ಲಿ ಕೆಂಪು ಹಾಕುವಾಗಲೆಲ್ಲ ಯಾರಾದರೂ ಅವನನ್ನು ಹೇಳುತ್ತಾರೆ.

"ನಾದಿನಿ," ಎಂದಳು ಚಿಕ್ಕವಳು. ಆಮೇಲೆ ಪಕ್ಕದಲ್ಲಿ ಕೂತವಳ ಕಡೆ ತಿರುಗಿ ನೋಡಿ, "ಓರಗಿತ್ತಿ," ಎಂದಳು.

ಕೈ ನೀರಿನಲ್ಲೇ ಇತ್ತು.

"ಸುಡ್ತಿಲ್ಲ ಅಕ್ಕ. ತೆಗೆಯೋಕೆ ಮನಸ್ಸೇ ಆಗ್ತಿಲ್ಲ. ಇದು ಹದ ತಾನೆ?"

"ನನ್ನನ್ನ ಕೇಳಬೇಡ," ಎಂದಳು ಬಣ್ಣದಕ್ಕ. ಸೆರಗಿನಿಂದ ಮೂಗು ಒರೆಸಿಕೊಂಡಳು. "ಇನ್ನೊಂದು ಸಲ ಹೇಳಿ ನೋಡು."